ದಾರಿ ಮುಗಿದ ಮೇಲಿನ ದಾರಿ

(ಹಿಮಾಲಯ ಪ್ರವಾಸಕ್ಕೆ ಹೊರಟ ಜೀಪು ಚಾಲಕರ ಕೂಟವೊಂದರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಕಡೆಯಿಂದ ಬಂದು ಸೇರಿರುವ ನೀವು ಬರುವ ಚಳಿಗಾಲದಲ್ಲಿ ಹಿಮಾಲಯದ ಹಿಮದ ಹಾದಿಗಳಲ್ಲಿ ಜೀಪು ಓಡಿಸಲು ಹೊರಟಿದ್ದೀರಿ. ಹೊರಡುವ ಮುಂಚೆ ಈ ಸಾಹಸದ ಹಿಂದಿನ ಚರಿತ್ರೆಯನ್ನು ನಾಲ್ಕು ಮಾತಿನಲ್ಲಿ ಹೇಳಬೇಕೆಂದು ಕೂಟದವರು ಕೇಳಿಕೊಂಡಿದ್ದಾರೆ. ಗೇರು, ಆಕ್ಸಲ್, ವಿಂಚುಗಳ ವಿಚಾರದಲ್ಲಿ ನಿಮಗೆ ಪಾಠ ಹೇಳುವಷ್ಟು ಬಲ್ಲವನು ನಾನಲ್ಲ. ನಾನು ಹೇಳಬಹುದಾದದ್ದು ಗಾಡಿಗಿಂತ ಹಳೆಯದಾದ ಒಂದು ಸಂಗತಿಯನ್ನು.

‘ಆಫ್ ರೋಡಿಂಗ್’ ಎಂಬ ಮಾತು ನಮ್ಮ ಸೀಮೆಗೆ ಹೊಸದು. ಮಾತು ಹೊಸದೇ ಹೊರತು ಕೆಲಸ ಹೊಸದಲ್ಲ. ಭಾರವಾದ ಗಾಲಿಯನ್ನು ದಾರಿಯೇ ಇಲ್ಲದ ಗುಡ್ಡದ ಮೇಲಕ್ಕೆ ಏರಿಸುವುದನ್ನು ಈ ಭಾಗದ ಜನ ಜೀಪು ಹುಟ್ಟುವುದಕ್ಕೆ ಸುಮಾರು 150 ವರ್ಷ ಮೊದಲೇ ಕಣ್ಣಾರೆ ಕಂಡಿದ್ದರು. ಅಂದಿನಿಂದ ಇಂದಿನವರೆಗೆ ಗಾಡಿ ಬದಲಾಗಿದೆ, ಎಳೆಯುವ ಶಕ್ತಿ ಬದಲಾಗಿದೆ. ಆದರೆ ದಾರಿ ಬಿಟ್ಟು ಹೊರಟವನ ಮುಂದೆ ನಿಲ್ಲುವ ಮೂರು ಪ್ರಶ್ನೆಗಳು ಮಾತ್ರ ಬದಲಾಗಿಲ್ಲ. ಗಾಲಿಯನ್ನು ಮುಂದಕ್ಕೆ ಒಯ್ಯುವುದು ಯಾವುದು? ಸಿಕ್ಕಿಕೊಂಡಾಗ ಎಳೆಯುವವರು ಯಾರು? ಗಾಲಿ ಹಾಯುವ ನೆಲ ಯಾರದು? ಈ ಮೂರನ್ನೂ ಒಂದೊಂದಾಗಿ ನೋಡೋಣ.

ನಂದಿಬೆಟ್ಟಕ್ಕೆ ಏರಿದ ಫಿರಂಗಿ

ದೊಡ್ಡಬಳ್ಳಾಪುರದಲ್ಲಿ ನಿಂತರೂ ದೇವನಹಳ್ಳಿಯಲ್ಲಿ ನಿಂತರೂ ನಂದಿಬೆಟ್ಟ ಕಾಣುತ್ತದೆ. ಇಂದು ಅದು ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದೆ. ಸಮುದ್ರಮಟ್ಟದಿಂದ ಸುಮಾರು 1,478 ಮೀಟರ್ ಎತ್ತರದ ಈ ಬೆಟ್ಟಕ್ಕೆ ಈಗ ಟಾರು ರಸ್ತೆಯಿದೆ, ಭಾನುವಾರ ಬಂದರೆ ಗಾಡಿಗಳ ಸಾಲೂ ಇದೆ. 1791ರಲ್ಲಿ ಅಲ್ಲಿದ್ದದ್ದು ಟಿಪ್ಪು ಸುಲ್ತಾನನ ಕೋಟೆ. ಮೂರನೆಯ ಮೈಸೂರು ಯುದ್ಧದಲ್ಲಿ ಬೆಂಗಳೂರು ಕೋಟೆಯನ್ನು ಆ ವರ್ಷದ ಮಾರ್ಚಿಯಲ್ಲಿ ಹಿಡಿದ ಇಂಗ್ಲಿಷರು, ಸುತ್ತಲಿನ ಬೆಟ್ಟದ ಕೋಟೆಗಳನ್ನು ಹಿಡಿಯದೆ ಶ್ರೀರಂಗಪಟ್ಟಣಕ್ಕೆ ಹೋಗುವುದು ಅಪಾಯವೆಂದು ಕಂಡುಕೊಂಡರು. ಬಂಡೆಯ ಮೇಲಿನ ಕೋಟೆಯನ್ನು ಒಡೆಯಬೇಕಾದರೆ ದೊಡ್ಡ ಫಿರಂಗಿಗಳು ಮೇಲೇರಬೇಕು. ದಾರಿಯಂತೂ ಇರಲಿಲ್ಲ. ಬೆಟ್ಟದ ಕಡಿದಾದ ಮೈಯಲ್ಲಿ ಹೊಸದಾಗಿ ದಾರಿ ಕಡಿದು, ಆನೆಗಳನ್ನೂ ಆಳುಗಳನ್ನೂ ಹಚ್ಚಿ, ಫಿರಂಗಿಗಳನ್ನು ಅಂಗುಲ ಅಂಗುಲವಾಗಿ ಏರಿಸಿದರು. ಮುತ್ತಿಗೆ ಮೂರು ವಾರ ನಡೆಯಿತು. ಅಕ್ಟೋಬರ್ 19ರ ನಸುಕಿನಲ್ಲಿ, ಬೆಳದಿಂಗಳಿನಲ್ಲಿ ಏರಿಹೋದ ಸೈನ್ಯಕ್ಕೆ ಕೋಟೆ ವಶವಾಯಿತು. ಆ ಮೂರು ವಾರಗಳಲ್ಲಿ ಬಹುಪಾಲು ಕಳೆದದ್ದು ಗುಂಡು ಹಾರಿಸುವುದರಲ್ಲಲ್ಲ, ಗುಂಡು ಹಾರಿಸುವ ಯಂತ್ರವನ್ನು ಮೇಲಕ್ಕೆ ಒಯ್ಯುವುದರಲ್ಲಿ.

ಅದಕ್ಕೂ ಕೆಲವು ತಿಂಗಳ ಮುಂಚೆ ನಡೆದದ್ದು ಇನ್ನೂ ಗಮನಾರ್ಹವಾದದ್ದು. ಅದೇ ವರ್ಷದ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹತ್ತಿರದವರೆಗೂ ಹೋಗಿದ್ದ. ಯುದ್ಧದಲ್ಲಿ ಅವನಿಗೆ ಸೋಲಾಗಲಿಲ್ಲ. ಆದರೆ ಮಳೆ ಹಿಡಿಯಿತು, ಮೇವು ಸಿಗಲಿಲ್ಲ, ಭಾರ ಎಳೆಯುವ ಎತ್ತುಗಳು ಸಾಲುಸಾಲಾಗಿ ಸತ್ತವು. ಎಳೆಯಲು ಎತ್ತಿಲ್ಲದ ದೊಡ್ಡ ಫಿರಂಗಿಗಳನ್ನು ತನ್ನ ಕೈಯಾರೆ ಹಾಳುಮಾಡಿ ಅವನು ಬೆಂಗಳೂರಿಗೆ ಹಿಂತಿರುಗಬೇಕಾಯಿತು. ಇಂಗ್ಲಿಷರ ದಂಡನ್ನು ಅಂದು ಹಿಂದಕ್ಕೆ ಕಳುಹಿಸಿದ್ದು ಟಿಪ್ಪುವಿನ ಕತ್ತಿಗಿಂತ ಹೆಚ್ಚಾಗಿ ಕೆಸರು ಮತ್ತು ಹಸಿವು. ಮುಂದಿನ ದಂಡಯಾತ್ರೆಯಲ್ಲಿ ಕಾರ್ನ್‌ವಾಲಿಸ್ ದವಸಧಾನ್ಯಕ್ಕಾಗಿ ಬಹುಮಟ್ಟಿಗೆ ನಂಬಿಕೊಂಡದ್ದು ಹೇರೆತ್ತುಗಳ ಸಾಲಿನೊಡನೆ ಕಾಡುಮೇಡು ಸುತ್ತುತ್ತಿದ್ದ ಲಂಬಾಣಿಗರನ್ನು. ಅವರಿಗೆ ರಸ್ತೆ ಬೇಕಿರಲಿಲ್ಲ. ಎತ್ತಿನ ಹೆಜ್ಜೆ ಊರುವಷ್ಟು ನೆಲವಿದ್ದರೆ ಅದೇ ರಸ್ತೆ.

ಮೈಸೂರಿನ ಕಡೆಯವರಿಗೆ ಈ ಗುಟ್ಟು ಮೊದಲೇ ಗೊತ್ತಿತ್ತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎಂದಿದ್ದ ಅರಮನೆಯ ದನಗಳ ಇಲಾಖೆ ಟಿಪ್ಪುವಿನ ಕಾಲಕ್ಕೆ ‘ಅಮೃತಮಹಲ್’ ಎಂಬ ಹೆಸರು ಪಡೆಯಿತು. ಮೇವಿಗಾಗಿ ನಾಡಿನ ಉದ್ದಕ್ಕೂ ಕಾವಲುಗಳನ್ನು ಬಿಟ್ಟು, ಹೋರಿಗಳನ್ನು ಆಯ್ದು ಪಳಗಿಸಿ, ಫಿರಂಗಿ ಎಳೆಯಲೆಂದೇ ಬೆಳೆಸಿದ ತಳಿ ಅದು. ಚಿದಂಬರದ ಸಹಾಯಕ್ಕೆ ಹೈದರಾಲಿ ನೂರು ಮೈಲಿ ದೂರವನ್ನು ಎರಡೂವರೆ ದಿನದಲ್ಲಿ ದಾಟಿದ್ದು ಈ ಎತ್ತುಗಳ ಬಲದಿಂದ ಎಂದು ಮೈಸೂರು ಗ್ಯಾಸೆಟಿಯರ್ ಬರೆದಿದೆ. ಸೋತ ಯುದ್ಧದಿಂದಲೂ ಶತ್ರುವಿನ ಕಣ್ಣೆದುರಿಗೇ ಅವನು ಫಿರಂಗಿಗಳನ್ನು ಎಳೆದುಕೊಂಡು ಹೋಗುತ್ತಿದ್ದನಂತೆ. ಆ ತಳಿಯ ಕೇಂದ್ರ ಈಗಲೂ ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದಲ್ಲಿದೆ. ಅದರ ದಾಯಾದಿಯಾದ ಹಳ್ಳಿಕಾರ್ ತಳಿಯ ಜೋಡಿಗಳನ್ನು ನೀವು ನಮ್ಮ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ನೋಡಿಯೇ ಇರುತ್ತೀರಿ.

ಈ ಎತ್ತುಗಳ ಹೆಚ್ಚುಗಾರಿಕೆ ಕೇವಲ ಬಲದಲ್ಲಿರಲಿಲ್ಲ. ಆನೆಯ ಬಲದ ಮುಂದೆ ಎತ್ತಿನ ಬಲ ಎಷ್ಟರದು? ಗಟ್ಟಿ ಗೊರಸು, ಜೊತೆಯ ಎತ್ತಿಗೆ ಹೊಂದಿಕೊಂಡು ಇಡುವ ಹೆಜ್ಜೆ, ತಾಳಿಕೆ, ಇವು ಅದರ ಗುಣ. ಮೊದಲ ಪ್ರಶ್ನೆಗೆ ಉತ್ತರದ ಅರ್ಧ ಇಲ್ಲಿದೆ. ಗಾಲಿಯನ್ನು ಮುಂದಕ್ಕೆ ಒಯ್ಯುವುದು ಬಲವಲ್ಲ, ನೆಲದ ಮೇಲಿನ ಹಿಡಿತ.

ಜೀಪಿನ ಗುಟ್ಟು

ಉತ್ತರದ ಉಳಿದರ್ಧ ಜೀಪಿನಲ್ಲಿದೆ. ಎರಡನೆಯ ಮಹಾಯುದ್ಧ ನಡೆಯುತ್ತಿದ್ದಾಗ, 1940ರಲ್ಲಿ, ಅಮೆರಿಕದ ಸೈನ್ಯ ಹಗುರವಾದ, ನಾಲ್ಕೂ ಗಾಲಿ ಎಳೆಯುವ ಗಾಡಿಯೊಂದನ್ನು ಮಾಡಿಕೊಡಿ ಎಂದು ಕಂಪನಿಗಳನ್ನು ಕೇಳಿತು. ಬ್ಯಾಂಟಮ್, ವಿಲ್ಲಿಸ್, ಫೋರ್ಡ್ ಎಂಬ ಮೂರು ಕಂಪನಿಗಳ ಕೈ ಸೇರಿ ರೂಪುಗೊಂಡದ್ದೇ ಜೀಪು. ಯುದ್ಧ ಮುಗಿಯುವಷ್ಟರಲ್ಲಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳು ತಯಾರಾಗಿದ್ದವು. ಭಾರತದಲ್ಲಿ 1947ರಲ್ಲಿ ಮಹೀಂದ್ರ ಕಂಪನಿ ವಿಲ್ಲಿಸ್ ಜೀಪಿನ ಬಿಡಿಭಾಗಗಳನ್ನು ತರಿಸಿ ಮುಂಬಯಿಯಲ್ಲಿ ಜೋಡಿಸಲು ಆರಂಭಿಸಿತು. ಆಮೇಲೆ ತಹಸೀಲ್ದಾರರ ಜೀಪು, ಚುನಾವಣೆಯ ಜೀಪು, ಕಾಫಿ ತೋಟದ ಜೀಪು ಎಂದು ಅದು ನಮ್ಮ ಬದುಕಿನೊಳಗೆ ಎಷ್ಟು ಸೇರಿಕೊಂಡಿತೆಂದರೆ, ಅದು ಕನ್ನಡದ ಮಾತಲ್ಲ ಎಂದರೆ ಯಾರೂ ನಂಬಲಾರರು.

ಸಾಧಾರಣ ಕಾರಿನಲ್ಲಿ ಎಂಜಿನ್ನಿನ ಶಕ್ತಿ ಹೋಗುವುದು ಎರಡೇ ಗಾಲಿಗಳಿಗೆ. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ ಓಡಬೇಕಾದ್ದರಿಂದ ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗುವಂತೆ ಮಾಡುವ ‘ಡಿಫರೆನ್ಷಿಯಲ್’ ಎಂಬ ಹಲ್ಲುಚಕ್ರಗಳ ಜೋಡಣೆಯಿದೆ. ಟಾರು ರಸ್ತೆಯಲ್ಲಿ ಇದು ಉಪಕಾರಿ, ಕೆಸರಿನಲ್ಲಿ ಇದೇ ಶತ್ರು. ಒಂದು ಗಾಲಿ ಜಾರಿದರೆ ಶಕ್ತಿಯೆಲ್ಲ ಆ ಜಾರುವ ಗಾಲಿಯ ಕಡೆಗೇ ಹರಿದುಹೋಗುತ್ತದೆ. ಅದು ಸುಮ್ಮನೆ ಗಿರಗಿರನೆ ತಿರುಗುತ್ತದೆ, ಗಟ್ಟಿ ನೆಲದ ಮೇಲಿರುವ ಇನ್ನೊಂದು ಗಾಲಿ ನಿಂತೇ ಇರುತ್ತದೆ. ಜೀಪಿನ ವಿಶೇಷವೆಂದರೆ ಶಕ್ತಿಯನ್ನು ನಾಲ್ಕೂ ಗಾಲಿಗಳಿಗೆ ಹಂಚುವುದು, ಜೊತೆಗೆ ತೀರ ಕೆಳಗಿನ ಗೇರೊಂದನ್ನು ಕೊಟ್ಟು ನಡೆಯುವ ಮನುಷ್ಯನಿಗಿಂತ ನಿಧಾನವಾಗಿ, ಆದರೆ ಬಿಡದೆ, ಸಾಗುವಂತೆ ಮಾಡುವುದು. ಇದು ಅಮೃತಮಹಲ್ ಜೋಡಿಯ ಹೆಜ್ಜೆಯೇ ಅಲ್ಲವೆ? ಗೊತ್ತಿಲ್ಲದವನು ಕೆಸರಿನಲ್ಲಿ ಆಕ್ಸಿಲರೇಟರ್ ತುಳಿದು ಗುಂಡಿ ತೋಡಿಕೊಳ್ಳುತ್ತಾನೆ. ಬಲ್ಲವನು ಟೈರಿನ ಗಾಳಿಯನ್ನು 30 ಪೌಂಡಿನಿಂದ 18ಕ್ಕೆ ಇಳಿಸಿ, ಟೈರು ಅಗಲವಾಗಿ ನೆಲವನ್ನು ಅಪ್ಪಿಕೊಳ್ಳುವಂತೆ ಮಾಡಿ, ಮೆಲ್ಲಗೆ ಹೊರಬರುತ್ತಾನೆ.

ಇದನ್ನು ಕಲಿಯಲು ಹಿಮಾಲಯಕ್ಕೇ ಹೋಗಬೇಕಾಗಿಲ್ಲ. ಕೊಡಚಾದ್ರಿಗೆ, ಕೊಡಗಿನ ಮಾಂದಲ್‌ಪಟ್ಟಿಗೆ ಪ್ರವಾಸಿಗರನ್ನು ಕರೆದೊಯ್ಯುವ ಜೀಪು ಚಾಲಕರು ದಿನವೂ ಮಾಡುವುದು ಈ ಕೆಲಸವನ್ನೇ. ಮಳೆಗಾಲದಲ್ಲಿ ಮಲೆನಾಡಿನ ಜೀಪುಗಳ ಗಾಲಿಗೆ ಸರಪಳಿ ಸುತ್ತುವುದುಂಟು. ಹಿಮದ ಮೇಲೆ ಓಡಿಸುವವರು ಕಟ್ಟುವುದೂ ಅಂಥದೇ ಸರಪಳಿಯನ್ನು.

ಹಿಮದ ಹಾದಿಯಲ್ಲಿ ಕೊಡಗಿನವರು

ಹಿಮದ ದಾರಿಯಲ್ಲಿ ಭಾರವಾದ ಗಾಡಿಗಳನ್ನು ಏರಿಸಿದ ಕಥೆಗಳಲ್ಲಿ ನಮ್ಮ ದೇಶದ ಅತ್ಯಂತ ದೊಡ್ಡ ಕಥೆ ನಡೆದದ್ದು 1948ರಲ್ಲಿ. ಅದರ ಮುಖ್ಯ ಪಾತ್ರಧಾರಿಗಳಿಬ್ಬರು ಕೊಡಗಿನವರು. ಕಾಶ್ಮೀರ ಕಣಿವೆಯಿಂದ ಲಡಾಖಿಗೆ ಹೋಗುವ ಬಾಗಿಲು ಜೋಜಿಲಾ ಕಣಿವೆದಾರಿ. ಅದರ ಎತ್ತರ ಸುಮಾರು 3,500 ಮೀಟರ್, ನಂದಿಬೆಟ್ಟದ ಎರಡರಷ್ಟಕ್ಕಿಂತ ಹೆಚ್ಚು. ದಾಳಿಕೋರರು ಅದನ್ನು ಹಿಡಿದು ಕುಳಿತದ್ದರಿಂದ ಲೇಹ್ ಪಟ್ಟಣ ಬೇರೆಯಾಗಿ ಉಳಿದಿತ್ತು. ಸೆಪ್ಟೆಂಬರಿನಲ್ಲಿ ಕಾಲಾಳುಗಳು ಮಾಡಿದ ಪ್ರಯತ್ನಗಳು ಫಲಿಸಲಿಲ್ಲ. ಚಳಿಗಾಲ ಬಂದು ಕಣಿವೆ ಮುಚ್ಚಿದರೆ ಲೇಹ್ ಕೈಬಿಟ್ಟಂತೆಯೇ.

ಕಾಶ್ಮೀರದಲ್ಲಿ ಡಿವಿಷನ್ ಒಂದರ ಮುಖ್ಯಸ್ಥರಾಗಿದ್ದವರು ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ. ಅವರ ಮೇಲಧಿಕಾರಿ ಲೆಫ್ಟಿನೆಂಟ್ ಜನರಲ್ ಕೆ.ಎಂ. ಕಾರಿಯಪ್ಪ. ಕಣಿವೆಗೆ ಟ್ಯಾಂಕುಗಳನ್ನು ಏರಿಸುವುದೆಂದು ತೀರ್ಮಾನವಾಯಿತು. ಅಷ್ಟು ಎತ್ತರದಲ್ಲಿ ಟ್ಯಾಂಕು ಬರಬಹುದೆಂದು ಎದುರಾಳಿ ಕನಸಿನಲ್ಲೂ ಎಣಿಸಿರಲಿಲ್ಲ. ಏಳನೆಯ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳ ಮೇಲಿನ ಗೋಪುರಗಳನ್ನು ಬಿಚ್ಚಿ, ಟಾರ್ಪಾಲಿನ್ ಮುಚ್ಚಿ, ಗುಟ್ಟಾಗಿ ಶ್ರೀನಗರ ದಾಟಿಸಿದರು. ಬಾಲ್ತಾಲಿನಿಂದ ಮೇಲಕ್ಕೆ ಇದ್ದದ್ದು ಹೇಸರಗತ್ತೆ ನಡೆಯುವ ದಾರಿ. ಅದನ್ನು ಅಗಲಮಾಡಿ ಟ್ಯಾಂಕು ಹೋಗುವಂತೆ ಮಾಡಿದವರು ಮದ್ರಾಸ್ ಸ್ಯಾಪರ್ಸ್‌ನವರು. ಆ ದಳದ ಕೇಂದ್ರ ಇರುವುದು ನಮ್ಮ ಬೆಂಗಳೂರಿನ ಹಲಸೂರಿನ ಬಳಿ. ನವೆಂಬರ್ 1ರಂದು, ಹಿಮದ ನಡುವೆ, ಟ್ಯಾಂಕುಗಳು ಕಣಿವೆಯನ್ನು ದಾಟಿದವು. ಮುಂಚೂಣಿಯ ಟ್ಯಾಂಕಿನಲ್ಲಿ ತಿಮ್ಮಯ್ಯನವರೇ ಕುಳಿತಿದ್ದರು. ಅದೇ ತಿಂಗಳಲ್ಲಿ ದ್ರಾಸ್, ಕಾರ್ಗಿಲ್ ಕೈಸೇರಿ ಲೇಹ್‌ಗೆ ದಾರಿ ತೆರೆಯಿತು.

ಈ ಕಥೆಯನ್ನು ಹೇಳುವಾಗ ನಾವು ಟ್ಯಾಂಕನ್ನೂ ಸೇನಾಪತಿಯನ್ನೂ ನೆನೆಯುತ್ತೇವೆ. ದಾರಿ ಕಡಿದವರನ್ನು ಮರೆಯುತ್ತೇವೆ. ಸ್ಯಾಪರುಗಳ ಗುದ್ದಲಿ ಮೊದಲು ಹೋಗದಿದ್ದರೆ ಟ್ಯಾಂಕು ಬಾಲ್ತಾಲಿನಲ್ಲೇ ಉಳಿಯುತ್ತಿತ್ತು. ನಂದಿಬೆಟ್ಟದಲ್ಲೂ ಆದದ್ದು ಹೀಗೆಯೇ. ಇಂದು ನೀವು ಓಡಿಸಲಿರುವ ಹಿಮಾಲಯದ ದಾರಿಗಳೂ ಹಾಗೆಯೇ. 1960ರಲ್ಲಿ ಸ್ಥಾಪನೆಯಾದ ಗಡಿ ರಸ್ತೆಗಳ ಸಂಸ್ಥೆಯ ಕೆಲಸಗಾರರು, ಅವರಲ್ಲಿ ಜಾರ್ಖಂಡ್, ಬಿಹಾರಗಳಿಂದ ಕೂಲಿಗೆ ಬಂದವರು ಬಹಳ, ಹಿಮ ಬಾಚಿ ತೆರೆದಿಟ್ಟ ದಾರಿಗಳವು. ಅಲ್ಲಿ ಕೈಬೀಸಿದರೆ ಗಾಡಿ ನಿಲ್ಲಿಸಿ ಮಾತಾಡಿಸಿ.

ಹಿಮ ಎಂದರೆ ಬಿಳಿಯ ಕೆಸರಲ್ಲ

ನಮ್ಮ ಕೆಂಪು ಮಣ್ಣಿನಲ್ಲಿ ಪಳಗಿದ ಕೈಗೆ ಹಿಮ ಮೋಸಮಾಡುವುದು ಸುಲಭ. ಕೆಸರು ಗಾಡಿಯನ್ನು ಹಿಡಿದುಕೊಳ್ಳುತ್ತದೆ, ಹಿಮ ಬಿಟ್ಟುಬಿಡುತ್ತದೆ. ಕೆಸರಿನಲ್ಲಿ ಮುಂದೆ ಹೋಗುವುದು ಕಷ್ಟ, ಹಿಮದಲ್ಲಿ ನಿಲ್ಲುವುದು ಕಷ್ಟ.

ಒಂದು ಲೆಕ್ಕ ಕೊಡುತ್ತೇನೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿಗೆ ಬ್ರೇಕು ಹಾಕಿದರೆ ಒಣಗಿದ ಟಾರಿನ ಮೇಲೆ ಅದು ಸುಮಾರು 8 ಮೀಟರಿನಲ್ಲಿ ನಿಲ್ಲುತ್ತದೆ. ತುಳಿದು ಗಟ್ಟಿಯಾದ ಹಿಮದ ಮೇಲೆ ನಿಲ್ಲಲು ಸುಮಾರು 30 ಮೀಟರ್ ಬೇಕು. ನುಣ್ಣನೆಯ ಮಂಜುಗಡ್ಡೆಯ ಮೇಲಾದರೆ 60 ಮೀಟರ್. ನಾಲ್ಕು ಗಾಲಿ ಎಳೆಯುವ ಗಾಡಿಗೂ ಈ ಲೆಕ್ಕದಲ್ಲಿ ರಿಯಾಯಿತಿಯಿಲ್ಲ. ಜೀಪು ಹತ್ತುವುದಕ್ಕೆ ನಾಲ್ಕು ಗಾಲಿಯ ಶಕ್ತಿ ಸಹಾಯಕ. ನಿಲ್ಲುವುದಕ್ಕೆ ಎಲ್ಲ ಗಾಡಿಗೂ ಇರುವುದು ನಾಲ್ಕೇ ಗಾಲಿ. ಏರಿದೆನೆಂಬ ಧೈರ್ಯದಲ್ಲಿ ಇಳಿಯುವಾಗ ಜಾರಿದವರು ಹೆಚ್ಚು. ಆದ್ದರಿಂದ ಇಳಿಜಾರಿನಲ್ಲಿ ಬ್ರೇಕನ್ನು ನಂಬದೆ ಕೆಳಗಿನ ಗೇರಿನಲ್ಲಿ ಎಂಜಿನ್ನಿನ ತಡೆಯಿಂದಲೇ ಇಳಿಯಬೇಕು. ನಮ್ಮ ಹಿರಿಯರು ಇಳಿಜಾರಿನಲ್ಲಿ ಬಂಡಿಯ ಗಾಲಿಗೆ ಮರದ ತುಂಡು ಕೊಟ್ಟು ತಡೆಯುತ್ತಿದ್ದದ್ದು ಇದೇ ಲೆಕ್ಕದಿಂದ.

ಬೆಟ್ಟದ ನೆರಳಿನ ತಿರುವುಗಳಲ್ಲಿ ತೆಳುವಾದ ಮಂಜುಗಡ್ಡೆಯ ಪೊರೆ ಇರುತ್ತದೆ. ಅದರ ಮೂಲಕ ಕೆಳಗಿನ ಟಾರು ಕಾಣುವುದರಿಂದ ಒದ್ದೆ ರಸ್ತೆಯೆಂದೇ ತೋರುತ್ತದೆ. ಬಿಸಿಲಲ್ಲಿ ಕರಗಿದ್ದು ಸಂಜೆಗೆ ಮತ್ತೆ ಗಟ್ಟಿಯಾಗುತ್ತದೆ. ಹೀಗಾಗಿ ಮಧ್ಯಾಹ್ನ ಸುಲಭವಾಗಿದ್ದ ದಾರಿ ಸಂಜೆ ಐದಕ್ಕೆ ಬೇರೆಯೇ ದಾರಿ. ರಾತ್ರಿ ಹ್ಯಾಂಡ್ ಬ್ರೇಕ್ ಎಳೆದು ಬಿಟ್ಟರೆ ಅದು ಹೆಪ್ಪುಗಟ್ಟಿ ಬೆಳಿಗ್ಗೆ ಬಿಡದೆ ಹೋಗಬಹುದು. ಗೇರಿನಲ್ಲಿ ನಿಲ್ಲಿಸಿ ಗಾಲಿಗೆ ಕಲ್ಲು ಕೊಡುವುದು ಲೇಸು. ಬಯಲುಸೀಮೆಯಲ್ಲಿ ತುಂಬಿಸಿದ ಡೀಸೆಲ್ ಅಲ್ಲಿನ ಚಳಿಗೆ ಮೇಣದಂತಾಗುತ್ತದೆ. ಇದಕ್ಕಾಗಿಯೇ 2019ರಲ್ಲಿ ಇಂಡಿಯನ್ ಆಯಿಲ್ ಸಂಸ್ಥೆ ಲಡಾಖಿಗೆಂದು ಸೊನ್ನೆಗಿಂತ 33 ಡಿಗ್ರಿ ಕೆಳಗೂ ಹರಿಯುವ ಚಳಿಗಾಲದ ಡೀಸೆಲನ್ನು ಬಿಡುಗಡೆ ಮಾಡಿತು.

ಗಾಡಿಯ ಜೊತೆ ಮೈಯನ್ನೂ ನೋಡಿಕೊಳ್ಳಬೇಕು. ನಾವು ಇರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. ಲೇಹ್ ಇರುವುದು 3,500 ಮೀಟರಿನಲ್ಲಿ. ಅಲ್ಲಿ ಒಂದು ಉಸಿರಿಗೆ ಸಿಗುವ ಪ್ರಾಣವಾಯು ಸಮುದ್ರತೀರದಲ್ಲಿ ಸಿಗುವುದರ ಮೂರನೇ ಎರಡು ಭಾಗ. 5,359 ಮೀಟರಿನ ಖಾರ್ದುಂಗ್‌ಲಾದಲ್ಲಿ ಹೆಚ್ಚುಕಡಿಮೆ ಅರ್ಧ. ತಲೆನೋವು, ವಾಕರಿಕೆ, ತಡವರಿಸುವ ಮಾತು ಕಂಡರೆ ಅದನ್ನು ದಣಿವೆಂದು ತಳ್ಳಿಹಾಕಬಾರದು. ಕೆಳಗಿಳಿಯುವುದೊಂದೇ ನಿಜವಾದ ಮದ್ದು. ಚಾಲಕನಿಗೇ ಹೀಗಾದಾಗ ಅದು ಅವನ ಅರಿವಿಗೆ ಬಾರದಿರಬಹುದು. ಪಕ್ಕದಲ್ಲಿ ಕುಳಿತವನು ನೋಡಿ ಹೇಳಬೇಕು, ಹೇಳಿದಾಗ ಚಾಲಕನು ಕೇಳಬೇಕು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. 2022ರ ಜನವರಿಯಲ್ಲಿ ಪಾಕಿಸ್ತಾನದ ಮರ್ರೀ ಎಂಬ ಗಿರಿಧಾಮಕ್ಕೆ ಹಿಮ ನೋಡಲೆಂದು ಹೋದವರ ಸಾವಿರಾರು ಕಾರುಗಳು ರಾತ್ರಿ ಹಿಮಪಾತದಲ್ಲಿ ಸಿಕ್ಕಿಕೊಂಡವು. ಬೆಳಗಾಗುವಷ್ಟರಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ, ಮಕ್ಕಳೂ ಸೇರಿದಂತೆ, ಕಾರುಗಳೊಳಗೇ ತೀರಿಕೊಂಡಿದ್ದರು. ಇಂಥ ಕಡೆ ಚಳಿಯಷ್ಟೇ ಕೊಲ್ಲುವುದಿಲ್ಲ. ಬೆಚ್ಚಗಿರಲೆಂದು ಎಂಜಿನ್ ಓಡಿಸುತ್ತ ಕಿಟಕಿ ಮುಚ್ಚಿ ಕುಳಿತಾಗ, ಹಿಂದಿನ ಹೊಗೆಕೊಳವೆಯನ್ನು ಹಿಮ ಮುಚ್ಚಿಬಿಟ್ಟರೆ, ವಿಷದ ಗಾಳಿ ಒಳಗೇ ತುಂಬುತ್ತದೆ. ಕಾರ್ಬನ್ ಮಾನಾಕ್ಸೈಡ್ ಎಂಬ ಆ ಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆ ಬಂದಂತೆ ಬರುತ್ತದೆ. ಹಿಮದಲ್ಲಿ ಸಿಕ್ಕಿಕೊಂಡರೆ ಮೊದಲು ಇಳಿದು ಹೊಗೆಕೊಳವೆಯ ಸುತ್ತ ಹಿಮ ತೆಗೆಯಬೇಕು, ಕಿಟಕಿಯನ್ನು ಸ್ವಲ್ಪ ತೆರೆದಿಡಬೇಕು, ಎಂಜಿನ್ನನ್ನು ಆಗಾಗ ಮಾತ್ರ ಓಡಿಸಬೇಕು, ಎಲ್ಲರೂ ಒಟ್ಟಿಗೆ ನಿದ್ದೆ ಮಾಡಬಾರದು. ಇಂದಿನ ಸಭೆಯಿಂದ ಇದೊಂದನ್ನು ನೆನಪಿನಲ್ಲಿಟ್ಟುಕೊಂಡು ಹೋದರೂ ನಾನು ಬಂದದ್ದು ಸಾರ್ಥಕ.

ಕೂಟವೆಂದರೇನು?

ಎರಡನೆಯ ಪ್ರಶ್ನೆಗೆ ಬರೋಣ. ಸಿಕ್ಕಿಕೊಂಡಾಗ ಎಳೆಯುವವರು ಯಾರು?

ಹಿಂದೆ ನಮ್ಮ ಹಳ್ಳಿಗಳಿಂದ ಸಂತೆಗೆ, ಜಾತ್ರೆಗೆ ಬಂಡಿಗಳು ಹೊರಟರೆ ಒಂಟಿಯಾಗಿ ಹೋಗುವುದು ಅಪರೂಪವಾಗಿತ್ತು. ನಾಲ್ಕಾರು ಬಂಡಿ ಸಾಲುಗಟ್ಟಿ ಹೊರಡುತ್ತಿದ್ದವು. ಹಳ್ಳದ ಮರಳಿನಲ್ಲೋ ಏರಿನಲ್ಲೋ ಒಂದು ಬಂಡಿ ಹೂತುಕೊಂಡರೆ ಹಿಂದಿನ ಬಂಡಿಯ ಎತ್ತುಗಳನ್ನು ಬಿಚ್ಚಿ ತಂದು ಮುಂದಿನ ನೊಗದ ಮುಂದೆ ಕಟ್ಟುತ್ತಿದ್ದರು. ಇಬ್ಬರು ಗಾಲಿಗೆ ಹೆಗಲು ಕೊಟ್ಟರೆ ಒಬ್ಬ ಹಿಂದೆ ಕಲ್ಲು ಹಿಡಿದು ನಿಲ್ಲುತ್ತಿದ್ದ. ಬಂಡಿ ಒಂದು ಗೇಣು ಮುಂದೆ ಹೋದರೆ ಅವನು ಒಂದು ಗೇಣು ಮುಂದಕ್ಕೆ ಕಲ್ಲು ಸರಿಸುತ್ತಿದ್ದ. ಇದಕ್ಕೆ ಕೂಲಿ ಇರಲಿಲ್ಲ, ಉಪಕಾರವೆಂಬ ಮಾತೂ ಇರಲಿಲ್ಲ. ಇವತ್ತು ನಿನ್ನದು, ನಾಳೆ ನನ್ನದು ಎಂಬ ತಿಳಿವಳಿಕೆ, ಅಷ್ಟೆ.

ನಿಮ್ಮ ಕೂಟ ಈ ಬಂಡಿಸಾಲಿನ ಮೊಮ್ಮಗ. ಎತ್ತಿನ ಜಾಗಕ್ಕೆ ವಿಂಚು ಬಂದಿದೆ, ಹಗ್ಗದ ಜಾಗಕ್ಕೆ ಪಟ್ಟಿ ಬಂದಿದೆ, ಕೂಗಿನ ಜಾಗಕ್ಕೆ ವೈರ್‌ಲೆಸ್ ಸೆಟ್ಟು ಬಂದಿದೆ. ನಿಯಮ ಮಾತ್ರ ಅದೇ: ಒಂದೇ ಗಾಡಿಯಲ್ಲಿ ಯಾರೂ ಹೋಗಕೂಡದು. ಮುಂದಿನವನ ಕನ್ನಡಿಯಲ್ಲಿ ಹಿಂದಿನವನು ಕಾಣುತ್ತಿರಬೇಕು, ಕಾಣದಿದ್ದರೆ ನಿಲ್ಲಬೇಕು. ಸಾಲಿನ ವೇಗವನ್ನು ನಿರ್ಧರಿಸುವವನು ಅತ್ಯಂತ ಚುರುಕಾದವನಲ್ಲ, ಅತ್ಯಂತ ಹೊಸಬ. ಒಬ್ಬನು ‘ಇಲ್ಲಿಂದ ಮುಂದೆ ಬೇಡ’ ಎಂದರೆ ಅವನನ್ನು ಹೇಡಿಯೆನ್ನದೆ ಎಲ್ಲರೂ ಹಿಂತಿರುಗಬೇಕು. ಹಿಂತಿರುಗುವ ಧೈರ್ಯ ಇಲ್ಲದ ಕೂಟ ಕೂಟವಲ್ಲ, ಬರಿಯ ಜನಸಂದಣಿ.

ಇಲ್ಲಿ ಸ್ಪರ್ಧೆಗೂ ಪ್ರವಾಸಕ್ಕೂ ಇರುವ ವ್ಯತ್ಯಾಸವನ್ನು ಹೇಳಬೇಕು. ಮೋಟಾರು ಕ್ರೀಡೆಯಲ್ಲಿ ಕರ್ನಾಟಕಕ್ಕೆ ದೊಡ್ಡ ಹೆಸರಿದೆ. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ್‍ಯಾಲಿ 1970ರ ದಶಕದಿಂದ ಬಂದದ್ದು. 1999ರಲ್ಲಿ ಆರಂಭವಾದ ‘ರೈಡ್ ಡಿ ಹಿಮಾಲಯ’ ಹಿಮಗಟ್ಟಿದ ಕಣಿವೆಗಳ ಮೇಲೆ ನಡೆಯುವ ಸ್ಪರ್ಧೆಯೆಂದು ದೇಶದಲ್ಲೆಲ್ಲ ಹೆಸರಾಯಿತು. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಜಗತ್ತಿನ ಅತಿ ಕಠಿಣ ರ್‍ಯಾಲಿಯೆನಿಸಿದ ಡಕಾರ್‌ನಲ್ಲಿ ಮೋಟಾರ್ ಸೈಕಲ್ ಓಡಿಸಿ, 36ನೆಯವರಾಗಿ ಗುರಿ ಮುಟ್ಟಿ, ಅದನ್ನು ಪೂರೈಸಿದ ಮೊದಲ ಭಾರತೀಯರೆನಿಸಿದರು. ಆದರೆ ಸ್ಪರ್ಧೆಯ ಹಿಂದೆ ಮುಚ್ಚಿದ ದಾರಿ, ವೈದ್ಯರು, ರಕ್ಷಣಾ ವಾಹನಗಳು, ವರ್ಷಗಳ ತಾಲೀಮು ಇರುತ್ತವೆ. ಮೊಬೈಲಿನಲ್ಲಿ ಅರ್ಧ ನಿಮಿಷ ಅದನ್ನು ನೋಡಿ, ಎದುರಿನಿಂದ ಲಾರಿ ಬರುವ ದಾರಿಯಲ್ಲಿ ಅನುಕರಿಸಿದರೆ ಆಗುವುದು ಬೇರೆ.

2020ರ ಅಕ್ಟೋಬರಿನಲ್ಲಿ 9 ಕಿಲೋಮೀಟರ್ ಉದ್ದದ ಅಟಲ್ ಸುರಂಗ ತೆರೆದಮೇಲೆ, 3,978 ಮೀಟರ್ ಎತ್ತರದ ರೋಹ್ತಾಂಗ್ ಕಣಿವೆಯನ್ನು ಹತ್ತದೆಯೇ ಮನಾಲಿಯಿಂದ ಲಾಹುಲ್ ಸೀಮೆಗೆ ಚಳಿಗಾಲದಲ್ಲೂ ಹೋಗಬಹುದಾಗಿದೆ. ಅಲ್ಲಿಯವರಿಗೆ ಅದು ಆಸ್ಪತ್ರೆಯ ದಾರಿ, ಪಡಿತರದ ದಾರಿ. ನಮ್ಮಂಥವರಿಗೆ ಹಿಮ ನೋಡುವ ದಾರಿ. 2024ರ ಡಿಸೆಂಬರಿನಲ್ಲಿ ಸುರಂಗದ ಆಸುಪಾಸಿನಲ್ಲಿ ದಿಢೀರನೆ ಹಿಮ ಬಿದ್ದು ನೂರಾರು ಪ್ರವಾಸಿ ವಾಹನಗಳು ಸಿಕ್ಕಿಕೊಂಡಾಗ, ರಾತ್ರಿಯಿಡೀ ನಿಂತು ಅವನ್ನು ಬಿಡಿಸಿದವರು ಅಲ್ಲಿನ ಪೊಲೀಸರು. ನಿಮ್ಮ ಕೂಟದ ಹಗ್ಗ ನಿಮ್ಮ ಗಾಡಿಗಳಿಗೆ ಸಾಲದೆ ಹೋದರೆ ಅದರ ಹೊರೆ ಬೀಳುವುದು ಬೇರೆಯವರ ಹೆಗಲಿಗೆ ಎಂಬುದು ನೆನಪಿರಲಿ.

ನೆಲ ಯಾರದು?

ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಕಠಿಣವಾದದ್ದು. ದಾರಿಯಿಲ್ಲದ ಜಾಗವೆಂದು ನಾವು ಹೇಳುತ್ತೇವಲ್ಲ, ಅಂಥ ಜಾಗ ನಿಜವಾಗಿ ಇದೆಯೇ?

ನಮ್ಮ ಯಾವುದೇ ಹಳ್ಳಿಯ ಸರ್ವೆ ನಕಾಶೆಯನ್ನು ಬಿಡಿಸಿ ನೋಡಿ. ಒಂದು ಸಾಲು ಚುಕ್ಕೆಯಲ್ಲಿ ಕಾಲುದಾರಿ, ಎರಡು ಸಾಲು ಚುಕ್ಕೆಯಲ್ಲಿ ಬಂಡಿದಾರಿ ಇರುತ್ತವೆ. ರಸ್ತೆಯಲ್ಲಿ ಹೋಗುವವನ ಕಣ್ಣಿಗೆ ಕಾಣದ ಈ ಚುಕ್ಕೆಗಳ ಮೇಲೆಯೇ ಊರಿನ ಬದುಕು ನಡೆದದ್ದು. ಹೊಲಕ್ಕೆ ಗೊಬ್ಬರ ಹೋದದ್ದು, ಕಣದಿಂದ ರಾಗಿ ಬಂದದ್ದು, ಹೆಣ ಸ್ಮಶಾನಕ್ಕೆ ಹೋದದ್ದು ಎಲ್ಲ ಇವುಗಳ ಮೇಲೆ. ಲೇಔಟುಗಳೂ ಬೇಲಿಗಳೂ ಬಂದು ದೇವನಹಳ್ಳಿ, ಹೊಸಕೋಟೆಗಳ ಸುತ್ತ ಎಷ್ಟೋ ಬಂಡಿದಾರಿಗಳು ಈಗ ನಕಾಶೆಯಲ್ಲಿ ಮಾತ್ರ ಉಳಿದಿವೆ. ಖಾಲಿಯಾಗಿ ಕಾಣುವ ಗೋಮಾಳ ಊರಿನ ದನಗಳ ಮೇವಿಗೆಂದು ಕಾನೂನಿನ ಪ್ರಕಾರ ಬಿಟ್ಟದ್ದು. ಬೇಸಿಗೆಯಲ್ಲಿ ಮೈದಾನದಂತೆ ಕಾಣುವ ಕೆರೆಯಂಗಳ ಮಳೆ ಬಂದರೆ ಊರಿನ ನೀರು. ಗುಡ್ಡದ ತಪ್ಪಲು ಹಲವೆಡೆ ಅರಣ್ಯ ಇಲಾಖೆಯದು. ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ನುಗ್ಗುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ.

ಕಾನೂನಿನ ಮಾತು ಒತ್ತಟ್ಟಿಗಿರಲಿ, ಮಣ್ಣಿನ ಮಾತು ಕೇಳಿ. ಅರ್ಕಾವತಿ ಹುಟ್ಟುವುದು ನಂದಿಬೆಟ್ಟದಲ್ಲಿ. ದೊಡ್ಡಬಳ್ಳಾಪುರದ ಕೆರೆಗಳನ್ನು ಹಾದು ಹೆಸರಘಟ್ಟಕ್ಕೆ, ಅಲ್ಲಿಂದ ತಿಪ್ಪಗೊಂಡನಹಳ್ಳಿಗೆ ಹೋಗುವ ನದಿ ಅದು. ಹೊಸಕೋಟೆಯ ಕಡೆ ಹರಿಯುವ ದಕ್ಷಿಣ ಪಿನಾಕಿನಿಯ ಮೂಲವೂ ಆ ಬೆಟ್ಟಗಳ ಸಾಲಿನಲ್ಲೇ. ಒದ್ದೆಯಾದ ಗುಡ್ಡದ ಇಳಿಜಾರಿನಲ್ಲಿ ಹತ್ತು ಜೀಪುಗಳು ನೇರವಾಗಿ ಏರಿದರೆ ಎರಡು ಆಳವಾದ ಜಾಡು ಬೀಳುತ್ತದೆ. ಮುಂದಿನ ಮಳೆಯಲ್ಲಿ ನೀರು ಆ ಜಾಡು ಹಿಡಿಯುತ್ತದೆ, ಜಾಡು ಕೊರಕಲಾಗುತ್ತದೆ, ಕೊರಕಲಿನ ಮಣ್ಣು ಕೆರೆಗೆ ಹೂಳಾಗುತ್ತದೆ. ಬಂಡಿಯೂ ಜಾಡು ಬೀಳಿಸುತ್ತಿತ್ತು, ಆದರೆ ಅದು ಒಂದೇ ದಾರಿಯಲ್ಲಿ ಹೋಗುತ್ತಿತ್ತು. ಹೊಸ ದಾರಿ ಮಾಡುವ ಚಪಲ ಎತ್ತಿಗೆ ಇರಲಿಲ್ಲ.

ಹಿಮಾಲಯದಲ್ಲಿ ಈ ಗಾಯ ಇನ್ನೂ ನಿಧಾನವಾಗಿ ಮಾಯುತ್ತದೆ. ಲಡಾಖ್, ಸ್ಪಿತಿಗಳು ಶೀತ ಮರುಭೂಮಿಗಳು. ಹಿಮದ ಕೆಳಗಿರುವ ಹುಲ್ಲುಗಾವಲು ವರ್ಷದಲ್ಲಿ ಕೆಲವೇ ತಿಂಗಳು ಬೆಳೆಯುವಂಥದ್ದು. ಅದನ್ನು ನಂಬಿರುವುದು ಅಲ್ಲಿನವರ ಕುರಿ, ಯಾಕುಗಳು. ಹಿಮ ಮುಚ್ಚಿದೆಯೆಂದು ದಾರಿ ಬಿಟ್ಟು ಅದರ ಮೇಲೆ ಗಾಡಿ ತಿರುಗಿಸಿದರೆ, ನಾವು ಊರಿಗೆ ಬಂದು ಫೋಟೋ ತೋರಿಸುವ ಹೊತ್ತಿಗೆ ಅವರ ದನಕ್ಕೆ ಮೇವು ಕಡಿಮೆಯಾಗಿರುತ್ತದೆ. 2022ರಲ್ಲಿ ಪ್ಯಾಂಗಾಂಗ್ ಸರೋವರದ ನೀರಿನೊಳಗೆ ಕಾರು ನುಗ್ಗಿಸಿದವರ ದೃಶ್ಯವನ್ನು ದೇಶವೇ ನೋಡಿ ಬೈಯಿತು. ನಮ್ಮೂರ ಕೆರೆಯಂಗಳದಲ್ಲಿ ಅದೇ ಕೆಲಸ ನಡೆದಾಗ ಬೈಯುವವರು ಯಾರು?

ಹಾಗಾದರೆ ಈ ಹವ್ಯಾಸವೇ ಬೇಡವೆ? ಹಾಗೆಂದು ನಾನು ಹೇಳುತ್ತಿಲ್ಲ. ಗಾಡಿಯನ್ನೂ ನೆಲವನ್ನೂ ಬಲ್ಲ ಚಾಲಕರು ಊರಿಗೆ ಆಸ್ತಿ. 2018ರಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಕೊಚ್ಚಿಹೋದ ದಾರಿಗಳಲ್ಲಿ ಎಷ್ಟೋ ಮನೆಗಳ ಜನಕ್ಕೆ ಆಸರೆಯಾದದ್ದು ನಾಲ್ಕು ಗಾಲಿ ಎಳೆಯುವ ಗಾಡಿಗಳೇ. ಇಂಥ ಕೈಗಳು ನಮಗೆ ಬೇಕು. ತಾಲೀಮು ಮಾಡಲು ಒಪ್ಪಿಗೆ ಕೊಟ್ಟವರ ಖಾಸಗಿ ಜಮೀನಿದೆ, ಬಿಟ್ಟ ಕಲ್ಲುಗಣಿಗಳಿವೆ. ಅಲ್ಲಿ ಮಾಡಿ. ಹಳ್ಳಿಯ ದಾರಿಯಲ್ಲಿ ಹೋಗಬೇಕಾದರೆ ಊರಿನವರನ್ನು ಕೇಳಿ, ಇದ್ದ ಜಾಡಿನಲ್ಲೇ ಹೋಗಿ, ಮಳೆ ಬಿದ್ದ ಮರುದಿನ ಹೋಗಬೇಡಿ. ಹೂತ ಕಡೆ ಗುಂಡಿ ಬಿದ್ದರೆ ಮುಚ್ಚಿ ಬನ್ನಿ. ನಿಮ್ಮ ವಿಂಚಿನ ಹಗ್ಗವನ್ನು ಮರಕ್ಕೆ ಕಟ್ಟುವಾಗ ತೊಗಟೆ ಸುಲಿಯದಂತೆ ಅಗಲ ಪಟ್ಟಿ ಹಾಕಿ. ಹಿಮದ ಊರುಗಳಲ್ಲಿ ಅಲ್ಲಿನವರು ‘ಇವತ್ತು ಹೋಗಬೇಡಿ’ ಎಂದರೆ ಹೋಗಬೇಡಿ. ಆಕಾಶ ನೋಡಿ ಹಿಮ ಹೇಳುವುದನ್ನು ಅವರು ತಲೆಮಾರುಗಳಿಂದ ಕಲಿತವರು.

ಮೂರು ಪ್ರಶ್ನೆಗಳಿಗೆ ಉತ್ತರ ಹೇಳಿ ಮುಗಿಸುತ್ತೇನೆ. ಗಾಲಿಯನ್ನು ಒಯ್ಯುವುದು ಹಿಡಿತ. ಸಿಕ್ಕಿದಾಗ ಎಳೆಯುವುದು ಜೊತೆಗಾರ. ನೆಲ ನಮ್ಮದಲ್ಲ, ನಮಗಿಂತ ಮೊದಲು ಅಲ್ಲಿ ನಡೆದವರದು, ನಾಳೆಯೂ ನಡೆಯಬೇಕಾದವರದು. ಇವನ್ನು ಒಪ್ಪಿಕೊಂಡವರಿಗೆ ಹಿಮದ ದಾರಿ ಬಹಳಷ್ಟು ಕೊಡುತ್ತದೆ. ನಿಧಾನವಾಗಿ ಹೋಗಿ, ಎಲ್ಲರೂ ಒಟ್ಟಿಗೆ ಹಿಂತಿರುಗಿ ಬನ್ನಿ.